ಮುಳ್ಳು 27ರಲ್ಲೇ ನಿಂತಿರುವ ಮಿಲಿಟರಿ ಗೇಜ್: ಇದು ಯಾವುದರದ್ದು?

ಪ್ರಶ್ನೆ: ಬೆಂಗಳೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕ ಗೇಜ್ ಇದು. ಕಪ್ಪು ಡಯಲ್, 10ರಿಂದ 75ರವರೆಗೆ ಅಂಕಿ. ಎರಡು ಮುಳ್ಳು, ಒಂದರ ಮೇಲೆ ಎಲ್, ಇನ್ನೊಂದರ ಮೇಲೆ ಆರ್. ಹಿಂದೆ ಎರಡು ಹಿತ್ತಾಳೆ ನಿಪ್ಪಲ್, ಲೇಬಲ್ ಮೇಲೆ ಎಎನ್ ಎಂದು ಶುರುವಾಗುವ ನಂಬರ್. ಏನೂ ಜೋಡಿಸದಿದ್ದರೂ ಎರಡೂ ಮುಳ್ಳು 27ರ ಆಸುಪಾಸಿನಲ್ಲಿ ನಿಂತಿವೆ. ಅಂಗಡಿಯವರು "ಟ್ಯಾಂಕಿನ ಆಯಿಲ್ ಮೀಟರ್, ಸ್ಪ್ರಿಂಗ್ ಹೋಗಿದೆ" ಅಂದರು. ಬಿಚ್ಚಿ ಮುಳ್ಳನ್ನು ಕೆಳಗಿಳಿಸಬಹುದೇ?

ಉತ್ತರ 1: ದಯವಿಟ್ಟು ಬಿಚ್ಚಬೇಡಿ. ಆ 27 ದೋಷವಲ್ಲ, ಗೇಜ್ ಬದುಕಿದೆ ಅನ್ನುವುದಕ್ಕೆ ಸಾಕ್ಷಿ. ಡಯಲ್‌ನಲ್ಲಿ ಸೊನ್ನೆಯೇ ಇಲ್ಲ ಅನ್ನುವುದನ್ನು ಗಮನಿಸಿ. ಆಯಿಲ್ ಗೇಜ್ ಆಗಿದ್ದರೆ ಸೊನ್ನೆಯಿಂದಲೇ ಶುರುವಾಗಬೇಕಿತ್ತು.

ಇದು ಎರಡು ಎಂಜಿನ್‌ಗಳ ವಿಮಾನದ ಮ್ಯಾನಿಫೋಲ್ಡ್ ಪ್ರೆಷರ್ ಗೇಜ್. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ಒತ್ತಡವನ್ನು ಪಾದರಸದ ಇಂಚುಗಳಲ್ಲಿ, ಅಂದರೆ ಆ ಒತ್ತಡ ಎತ್ತಿ ಹಿಡಿಯುವ ಪಾದರಸದ ಕಂಬದ ಎತ್ತರದಲ್ಲಿ, ತೋರಿಸುತ್ತದೆ. ಎಲ್ ಎಡ ಎಂಜಿನ್‌ಗೆ, ಆರ್ ಬಲಕ್ಕೆ. ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಪಂಪು) ಇರುವ ಎಂಜಿನ್‌ನಲ್ಲಿ ಪೈಲಟ್ ಥ್ರಾಟಲ್ ಇಡುತ್ತಿದ್ದದ್ದು ಈ ಗೇಜ್ ಮತ್ತು ಆರ್‌ಪಿಎಂ ಎರಡನ್ನೂ ನೋಡಿಕೊಂಡು. ಮಿತಿ ಮೀರಿದರೆ ಸಿಲಿಂಡರ್ ಒಳಗೆ ಮಿಶ್ರಣ ಅಕಾಲದಲ್ಲಿ ಸಿಡಿದು ಪಿಸ್ಟನ್ ಹಾಳಾಗುತ್ತಿತ್ತು.

ಒಳಗೆ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಕ್ಯಾಪ್ಸೂಲ್ ಇರುತ್ತದೆ. ಹಾಗಾಗಿ ಗೇಜ್ ಲೆಕ್ಕ ಹಿಡಿಯುವುದು ಸಂಪೂರ್ಣ ನಿರ್ವಾತದಿಂದ. ಎಂಜಿನ್ ನಿಂತಾಗ ಅದು ಆ ಊರಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು 29.92 ಇಂಚು, ಎತ್ತರ ಹೆಚ್ಚಿದಂತೆ ಸಾವಿರ ಅಡಿಗೆ ಹೆಚ್ಚುಕಡಿಮೆ 1 ಇಂಚು ಇಳಿಯುತ್ತದೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ, ಆದ್ದರಿಂದ 27. ಇದೇ ಗೇಜನ್ನು ಮಂಗಳೂರಿಗೆ ಒಯ್ದರೆ 30ರ ಹತ್ತಿರ, ಮಡಿಕೇರಿಗೆ ಒಯ್ದರೆ 26ರ ಹತ್ತಿರ ನಿಲ್ಲುತ್ತದೆ.

ಎಎನ್ ಅಂದರೆ ಅಮೆರಿಕದ ಆರ್ಮಿ–ನೇವಿ ಮಾನಕ. ಬ್ರಿಟಿಷ್ ವಾಯುಪಡೆಯದ್ದಾಗಿದ್ದರೆ ಕಿರೀಟದ ಕೆಳಗೆ ಎ.ಎಂ. (ಏರ್ ಮಿನಿಸ್ಟ್ರಿ) ಗುರುತು, 6ಎ ಎಂದು ಶುರುವಾಗುವ ಉಗ್ರಾಣ ಸಂಖ್ಯೆ ಇರುತ್ತಿತ್ತು. ಇದೇ ಕೆಲಸ ಮಾಡುವ ಅವರ ಬೂಸ್ಟ್ ಗೇಜ್‌ಗೆ ಸೊನ್ನೆ ಎಂದರೆ ಸಮುದ್ರಮಟ್ಟದ ಒತ್ತಡ, ಅಳತೆ ಚದರ ಇಂಚಿಗೆ ಪೌಂಡುಗಳಲ್ಲಿ. ಬೆಂಗಳೂರಿನಲ್ಲಿ ಸುಮ್ಮನಿಟ್ಟರೆ ಸುಮಾರು −1.5 ತೋರಿಸಬೇಕು. ಜರ್ಮನ್ನರದ್ದು 'ಎಟಿಎ' ಅಳತೆ (ನಿರ್ವಾತದಿಂದ ಲೆಕ್ಕ ಹಿಡಿಯುವ ವಾಯುಭಾರ ಮಾನ), ಅದು ಇಲ್ಲಿ 0.93. ಲೇಬಲ್ ಅಳಿಸಿಹೋಗಿದ್ದರೂ ಮುಳ್ಳು ನಿಂತ ಜಾಗದಿಂದಲೇ ದೇಶ ಗುರುತಿಸಬಹುದು. ನನಗೆ ಈ ಪರೀಕ್ಷೆಯಷ್ಟು ನಂಬಿಕೆ ಲೇಬಲ್ ಮೇಲೂ ಇಲ್ಲ, ಏಕೆಂದರೆ ಲೇಬಲ್ ಬದಲಾಗಿರಬಹುದು.

ಪ್ರಶ್ನೆ: ಯಾವ ವಿಮಾನದ್ದು ಎಂದು ಹೇಳಬಹುದೇ ಸರ್? ಗಾಜಿನ ಮೇಲೆ 48ರ ಹತ್ತಿರ ಒಂದು ಕೆಂಪು ಗೆರೆ ಇದೆ.

ಉತ್ತರ 2: ಆ ಗೆರೆ ಒಳ್ಳೆಯ ಸುಳಿವು. ಎರಡು ಎಂಜಿನ್‌ಗಳ ಸಾಗಣೆ ವಿಮಾನ ಡಕೋಟಾದ ಪ್ರ್ಯಾಟ್ ಅಂಡ್ ವಿಟ್ನಿ ಆರ್-1830-92 ಎಂಜಿನ್‌ಗೆ ಟೇಕಾಫ್ ಮಿತಿ 2,700 ಆರ್‌ಪಿಎಂನಲ್ಲಿ 48 ಇಂಚು. ಎಲ್, ಆರ್ ಮುಳ್ಳುಗಳೂ ಅದಕ್ಕೆ ಹೊಂದುತ್ತವೆ. ನಾಲ್ಕು ಎಂಜಿನ್‌ಗಳ ವಿಮಾನದಲ್ಲಿ ಇಂಥ ಎರಡು ಗೇಜ್ ಇದ್ದು, ಮುಳ್ಳುಗಳ ಮೇಲೆ 1, 2 ಮತ್ತು 3, 4 ಎಂದಿರುತ್ತಿತ್ತು. ಗೆರೆ 61 ಅಥವಾ 67ರಲ್ಲಿದ್ದು ಮುಳ್ಳು ಒಂದೇ ಇದ್ದಿದ್ದರೆ ಒಂದೇ ಎಂಜಿನ್‌ನ ಮಸ್ಟ್ಯಾಂಗ್ ಯುದ್ಧವಿಮಾನ ಎನ್ನುತ್ತಿದ್ದೆ.

ಆದರೆ ಗೆರೆ ಇರುವುದು ಗಾಜಿನ ಮೇಲೆ, ಡಯಲ್ ಮೇಲಲ್ಲ. ಗಾಜು ತಿರುಗಿದರೆ ಗೆರೆಯೂ ಸರಿಯುತ್ತದೆ. ಇದು ಗೊತ್ತಾಗಲೆಂದೇ ಗಾಜು ಮತ್ತು ಅಂಚಿನ ಮೇಲೆ ಸೇರಿಸಿ ಒಂದು ಸಣ್ಣ ಬಿಳಿ ಗೀಟು ಬಳಿಯುತ್ತಿದ್ದರು. ಆ ಗೀಟು ತುಂಡಾಗಿ ಎರಡು ಕಡೆ ಕಂಡರೆ 48 ಎಂಬುದನ್ನು ನಂಬಬೇಡಿ.

ಬೆಂಗಳೂರಿನಲ್ಲಿ ಇದು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಗಿ, ವಿಮಾನ ಮತ್ತು ಎಂಜಿನ್‌ಗಳ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಎರಡನೇ ಮಹಾಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್ ವಿಮಾನಗಳನ್ನು ಇಲ್ಲಿಗೆ ಹಾರಿಸಿ ತಂದು ಸರಿಪಡಿಸಿದ್ದೂ ಇದೇ ಕಾರ್ಖಾನೆ. ಹಾಗೆಂದು ನಿಮ್ಮ ಗೇಜ್ ಅಲ್ಲಿಯದೇ ಎನ್ನಲು ಆಧಾರ ಬೇಕು. ಲೇಬಲ್ ಪಕ್ಕದಲ್ಲಿ ದುರಸ್ತಿಯ ದಿನಾಂಕ ಅಥವಾ ಇನ್‌ಸ್ಪೆಕ್ಷನ್ ಮುದ್ರೆ ಇದೆಯೇ ನೋಡಿ.

ಪ್ರಶ್ನೆ: ಕೆಲಸ ಮಾಡುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಉತ್ತರ 1: ಮೊದಲು ವಾಯುಭಾರ ಹೋಲಿಸಿ. ಫೋನಿನಲ್ಲಿ ಬ್ಯಾರೋಮೀಟರ್ ಸೆನ್ಸರ್ ಇದ್ದರೆ ಅದರ ಹೆಕ್ಟೋಪಾಸ್ಕಲ್ ಅಂಕಿಯನ್ನು 0.02953ರಿಂದ ಗುಣಿಸಿ. 912 ಬಂದರೆ 26.9 ಇಂಚು. ಹವಾಮಾನದ ಆ್ಯಪ್‌ನಲ್ಲಿ ಕಾಣುವ 1010, 1012 ಬಳಸಬೇಡಿ. ಅದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಹೆಚ್ಚಿನವರು ಎಡವುವುದು ಇಲ್ಲೇ, ಚೆನ್ನಾಗಿರುವ ಗೇಜನ್ನು 3 ಇಂಚು ತಪ್ಪು ಎಂದು ಎಸೆಯುತ್ತಾರೆ.

ಆಮೇಲೆ 60 ಎಂಎಲ್ ಸಿರಿಂಜ್‌ಗೆ ಸಿಲಿಕೋನ್ ನಳಿಕೆ ಸಿಕ್ಕಿಸಿ, ಒಂದು ನಿಪ್ಪಲ್‌ಗೆ ಬಿಗಿಯಾಗಿ ಹಾಕಿ ನಿಧಾನವಾಗಿ ಎಳೆಯಿರಿ. ಆ ಕಡೆಯ ಮುಳ್ಳು ಮಾತ್ರ ಇಳಿಯಬೇಕು. 20ಕ್ಕೆ ಬಂದಾಗ ನಳಿಕೆಯನ್ನು ಮಡಚಿ ಹಿಡಿದು ಒಂದು ನಿಮಿಷ ನೋಡಿ. ಮುಳ್ಳು ಮೆಲ್ಲಗೆ 27ಕ್ಕೆ ಮರಳಿದರೆ ಸೋರಿಕೆ ಇದೆ. ಗೇಜನ್ನು ದೂರುವ ಮೊದಲು ನಳಿಕೆಯ ಜೋಡಣೆ ನೋಡಿ. ಬಾಯಿಯಿಂದ ಎಳೆಯಬೇಡಿ, ಊದಬೇಡಿ; ತೇವ ಒಳಹೋಗಿ ತುಕ್ಕು ಹಿಡಿಯುತ್ತದೆ. ಕಂಪ್ರೆಸರ್ ಅಂತೂ ಬೇಡವೇ ಬೇಡ.

ಅಡಾಪ್ಟರ್ ಹಾಕುವುದಾದರೆ ಎಚ್ಚರ. ಅಮೆರಿಕದ ⅛ ಇಂಚಿನ ಪೈಪ್ ಥ್ರೆಡ್‌ನಲ್ಲಿ ಇಂಚಿಗೆ 27 ಸುತ್ತು, 60 ಡಿಗ್ರಿ ಕೋನ. ನಮ್ಮ ಹಾರ್ಡ್‌ವೇರ್ ಅಂಗಡಿಯ ⅛ ಬಿಎಸ್‌ಪಿಯಲ್ಲಿ (ಬ್ರಿಟಿಷ್ ಪೈಪ್ ಥ್ರೆಡ್) 28 ಸುತ್ತು, 55 ಡಿಗ್ರಿ. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಹಿತ್ತಾಳೆಯನ್ನು ಕೊರೆದುಬಿಡುತ್ತದೆ.

ಪ್ರಶ್ನೆ: ಫೋನಿನಲ್ಲಿ 26.9 ಬಂತು. ಆರ್ ಮುಳ್ಳು 27, ಎಲ್ ಮುಳ್ಳು 26.2. ಎಳೆದಾಗ ಎರಡೂ ಇಳಿಯುತ್ತವೆ, ನಿಲ್ಲುತ್ತವೆ. ಎಲ್ ಮುಳ್ಳನ್ನು ಸರಿಪಡಿಸಲು ಗಾಜು ತೆಗೆಯಲೇ? ಅಂಕಿಗಳು ಕತ್ತಲಲ್ಲಿ ಹೊಳೆಯುವುದಿಲ್ಲ, ಬಣ್ಣ ಮಾತ್ರ ಕಂದಿದೆ.

ಉತ್ತರ 3: ತೆಗೆಯಬೇಡಿ. ಕಂದಿದ ಆ ಬಣ್ಣದಲ್ಲಿ, ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ಬೆರೆಸುತ್ತಿದ್ದ ವಿಕಿರಣಶೀಲ ರೇಡಿಯಂ-226 ಇರುವ ಸಾಧ್ಯತೆ ಹೆಚ್ಚು. ಹೊಳಪು ಹೋಗಿದ್ದು ಅದರ ವಿಕಿರಣಕ್ಕೆ ಹೊಳೆಯುವ ಸತುವಿನ ಸಲ್ಫೈಡ್ ಸವೆದಿದ್ದರಿಂದ. ರೇಡಿಯಂ ಹಾಗೇ ಉಳಿದಿದೆ, ಅದರ ಅರ್ಧಾಯುಷ್ಯ 1,600 ವರ್ಷ. ಗಾಜು ಗಟ್ಟಿಯಾಗಿರುವಾಗ ಕಪಾಟಿನಲ್ಲಿಟ್ಟು ನೋಡುವುದರಲ್ಲಿ ಅಪಾಯ ತೀರಾ ಕಡಿಮೆ. ಅಪಾಯವಿರುವುದು ಉದುರಿದ ಪುಡಿ ಉಸಿರಿಗೋ ಕೈಯಿಂದ ಬಾಯಿಗೋ ಹೋದಾಗ. ಅಲ್ಟ್ರಾವಯೊಲೆಟ್ ಟಾರ್ಚ್ ಹಾಕಿ ತೀರ್ಮಾನಿಸಬೇಡಿ. ರೇಡಿಯಂ ಇಲ್ಲದ ಬಣ್ಣವೂ ಆ ಬೆಳಕಿಗೆ ಹೊಳೆಯುತ್ತದೆ. ಗೀಗರ್ ಕೌಂಟರ್ ಅನ್ನು ಗಾಜಿನ ಮುಂದೆ ಹಿಡಿದರೆ ತಿಳಿಯುತ್ತದೆ.

ತಲೆದಿಂಬಿನ ಪಕ್ಕ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಗಾಜು ಬಿರುಕು ಬಿಟ್ಟರೆ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಕೈಗವಸು ತೊಟ್ಟು ಎರಡು ಜಿಪ್ ಚೀಲಗಳಲ್ಲಿ ಮುಚ್ಚಿಟ್ಟು, ಒದ್ದೆ ಕಾಗದದಿಂದ ಆ ಜಾಗ ಒರೆಸಿ, ಅದನ್ನೂ ಚೀಲಕ್ಕೆ ಹಾಕಿ. ಮತ್ತೆ ಗುಜರಿಗೆ ಕೊಡದೆ, ವಿಲೇವಾರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಕೇಳಿ.

ಎಲ್ ಮುಳ್ಳಿನ 0.7 ವ್ಯತ್ಯಾಸ ಹಳೆಯ ಕ್ಯಾಪ್ಸೂಲ್ ದಣಿದಿರುವುದರಿಂದ ಬಂದಿರಬಹುದು. ಈ ಗೇಜ್ ಇನ್ನು ಹಾರುವುದಿಲ್ಲ, ಹಾಗೇ ಬಿಡಿ. ನಿಪ್ಪಲ್‌ಗಳಿಗೆ ರಬ್ಬರ್ ಮುಚ್ಚಳ ಹಾಕುವುದಾದರೆ ಸೂಜಿಯಷ್ಟು ತೂತು ಇರಲಿ; ಇಲ್ಲದಿದ್ದರೆ ಹೊರಗಿನ ವಾಯುಭಾರ ಒಳಗೆ ತಲುಪದೆ ಮುಳ್ಳು ಅದನ್ನು ಹಿಂಬಾಲಿಸುವುದು ನಿಲ್ಲುತ್ತದೆ.