ಪಿಜಿಗಳಿಗೆ ಮಿನಿ-ಸಿಇಎಕ್ಸ್, ಡಾಪ್ಸ್: ನಿಮ್ಮ ವಿಭಾಗದ ಅನುಭವವೇನು?

ಪ್ರಶ್ನೆ: ಮಕ್ಕಳ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಆರು ಮಂದಿ ಪಿಜಿಗಳಿಗೆ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ) ಮಿನಿ-ಸಿಇಎಕ್ಸ್ (ರೋಗಿಯನ್ನು ಪರೀಕ್ಷಿಸುವುದನ್ನು ಎದುರಿಗಿದ್ದು ನೋಡಿ ತಿದ್ದಿ ಹೇಳುವ ಕಿರು ಮೌಲ್ಯಮಾಪನ) ಮತ್ತು ಡಾಪ್ಸ್ (ಸೂಜಿ, ನಳಿಕೆ ಹಾಕುವಂಥ ಕೈಕೆಲಸಕ್ಕೆ ಅಂಥದ್ದೇ ಮೌಲ್ಯಮಾಪನ) ಆರಂಭಿಸುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮೆಡಿಸಿನ್ ಪ್ರಾಧ್ಯಾಪಕ: ನಾವು 12 ಪಿಜಿಗಳಿಗೆ ತಿಂಗಳಿಗೆ ತಲಾ ಎರಡು ಮಿನಿ-ಸಿಇಎಕ್ಸ್ ಎಂದು ಗೊತ್ತುಮಾಡಿಕೊಂಡೆವು. ಇಪ್ಪತ್ತು ನಿಮಿಷ ನೋಡುವುದು, ಹತ್ತು ನಿಮಿಷ ಮಾತನಾಡುವುದು ಎಂದರೆ ತಿಂಗಳಿಗೆ 12 ಗಂಟೆ; ಅಷ್ಟನ್ನೂ ಒಪಿಡಿಯ ಸಮಯದಲ್ಲೇ ಹೊಂದಿಸಬೇಕಿತ್ತು. ಮೊದಲ ಆರು ತಿಂಗಳ ಫಾರ್ಮುಗಳು ವ್ಯರ್ಥವಾದವು, ಏಕೆಂದರೆ 9 ಅಂಕಗಳ ಮಾಪಕದಲ್ಲಿ ಎಲ್ಲರಿಗೂ 6 ಅಥವಾ 7 ಕೊಟ್ಟಿದ್ದೆವು. ಅಂಕದ ಕಾಲಂ ತೆಗೆದು, ಕಣ್ಣಾರೆ ಕಂಡದ್ದನ್ನು ಎರಡು ವಾಕ್ಯದಲ್ಲಿ ಬರೆಯಬೇಕೆಂದು ಮಾಡಿದ ಮೇಲೆಯೇ, ಎರಡನೆಯ ವರ್ಷದ ಪಿಜಿಯೊಬ್ಬರು ರೋಗಿಯ ಕೊರಳನ್ನೇ ನೋಡದೆ ಕೇಸ್‌ಶೀಟಿನಲ್ಲಿ ಜೆವಿಪಿ (ಕೊರಳಿನ ರಕ್ತನಾಳದಲ್ಲಿ ಕಾಣುವ ಒತ್ತಡ) ನಾರ್ಮಲ್ ಎಂದು ಬರೆಯುತ್ತಿದ್ದುದು ಹೊರಬಿತ್ತು. ತಿದ್ದಲು ನಮಗಿನ್ನೂ ಒಂದೂವರೆ ವರ್ಷವಿತ್ತು.

ಅರಿವಳಿಕೆಯಲ್ಲಿ ಎಂಡಿ ಮುಗಿಸಿದವಳು: ನಾನು ಓದಿದ ಕಡೆ ಇದೇ ಡಾಪ್ಸ್ ನನ್ನನ್ನು ಎರಡು ವರ್ಷ ಕಾಡಿತು. ಮೂವತ್ತು ಗಂಟೆಯ ಡ್ಯೂಟಿಯ ಕೊನೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಡುವ ನಳಿಕೆ) ಹಾಕಿಸಿದರು. ನಳಿಕೆಗೆ ದಾರಿ ಮಾಡುವ ತಂತಿ, ಗೈಡ್‌ವೈರ್, ಎರಡು ಬಾರಿ ಒಳಹೋಗಲಿಲ್ಲ. ನನ್ನೊಂದಿಗೆ ಒಂದು ಮಾತೂ ಆಡದೆ, ಮರುದಿನ ಬೆಳಗಿನ ಸಭೆಯಲ್ಲಿ ಆ ಫಾರ್ಮನ್ನು ಎಲ್ಲರೆದುರು ಓದಿದರು. ಆಮೇಲೆ ನಾನು ಚೆನ್ನಾಗಿ ಬರುತ್ತಿದ್ದ ಸ್ಪೈನಲ್‌ಗಳಿಗೆ (ಬೆನ್ನಿಗೆ ಕೊಡುವ ಅರಿವಳಿಕೆಗೆ) ಮಾತ್ರ ಡಾಪ್ಸ್ ಕೇಳುತ್ತಿದ್ದೆ. ಸೆಂಟ್ರಲ್ ಲೈನ್ ಕೈಗೆ ಕುದುರಿದ್ದು ಎಂಡಿ ಮುಗಿದ ಮೇಲೆ, ಸೀನಿಯರ್ ರೆಸಿಡೆನ್ಸಿಯಲ್ಲಿ.

ಸರ್ಜರಿ ಸಹಪ್ರಾಧ್ಯಾಪಕ: ಮೂರು ತಿಂಗಳಿಗೊಮ್ಮೆ ಮೌಲ್ಯಮಾಪನ ಎಂದು ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪಠ್ಯಕ್ರಮ ಹೇಳಿಯೇ ಇದೆ. ಆದರೂ ನಮ್ಮಲ್ಲಿ ಮೂರು ವರ್ಷದ ಲಾಗ್‌ಬುಕ್ಕಿಗೆ (ಪಿಜಿ ಮಾಡಿದ ಕೆಲಸದ ದಾಖಲೆ ಪುಸ್ತಕಕ್ಕೆ) ಪರೀಕ್ಷೆಯ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ಸಹಿ ಬೀಳುತ್ತದೆ. ಜಿಲ್ಲಾ ರೆಸಿಡೆನ್ಸಿಗೆ (ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೆ) ಹೋದ ಮೂರು ತಿಂಗಳ ಪುಟಗಳು ಖಾಲಿಯಾಗಿಯೇ ಇರುತ್ತವೆ. ಹೊಸ ಫಾರ್ಮುಗಳ ಗತಿಯೂ ಅದೇ. ಕೊರಳು ನೋಡುವುದನ್ನು ರೌಂಡ್ಸಿನಲ್ಲೇ ಕಲಿಸಬೇಕಿತ್ತು, ಪ್ರಾಧ್ಯಾಪಕರೇ.

ಮೆಡಿಸಿನ್ ಪ್ರಾಧ್ಯಾಪಕ: ರೌಂಡ್ಸಿನಲ್ಲಿ ಪಿಜಿ ಹೇಳುವುದನ್ನು ಕೇಳುತ್ತೇವೆಯೇ ಹೊರತು ಮಾಡುವುದನ್ನು ನೋಡುವುದಿಲ್ಲ. ಸಹಿ ಹಾಕುವವರು ನೀವೇ ಆಗಿರುವಾಗ ಲಾಗ್‌ಬುಕ್ಕನ್ನು ದೂರುವುದೇಕೆ?

ಸರ್ಜರಿ ಸಹಪ್ರಾಧ್ಯಾಪಕ: ಆ ಸಹಿ ನನ್ನದೆಂದು ತಮಗೆ ಹೇಳಿದವರು ಯಾರು? ಹಾಗೆ ಸಹಿ ಮಾಡಲು ಒಪ್ಪದ್ದಕ್ಕೇ ಒಂದು ವರ್ಷ ಮಾರ್ಗದರ್ಶನಕ್ಕೆ ನನಗೆ ಪಿಜಿಯನ್ನೇ ಕೊಡಲಿಲ್ಲ. ಮಾತನ್ನು ಹಿಂತೆಗೆದುಕೊಳ್ಳಿ.

ಅರಿವಳಿಕೆಯಲ್ಲಿ ಎಂಡಿ ಮುಗಿಸಿದವಳು: ತಾವಿಬ್ಬರೂ ಸಹಿಯ ಜಗಳದಲ್ಲೇ ಇದ್ದೀರಿ, ಸರ್. ಪ್ರಶ್ನೆ ಕೇಳಿದ ಮೇಡಂ, ತುಂಬಿದ ಫಾರ್ಮು ಯಾರ ಬಳಿ ಇರುತ್ತದೆ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆದುಕೊಳ್ಳಿ. ನನ್ನದು ಎಚ್‌ಒಡಿಯವರ ಕಪಾಟಿನಲ್ಲಿತ್ತು.