ಹೊಗೆ ವಾಸನೆಗೆ ಎಷ್ಟು ಕಟ್?

ಸತೀಶ ವಿಸ್ಕಿ ಗ್ಲಾಸಿನೊಳಗೆ ಮೂಗು ಇಟ್ಟವನು ತೆಗೆಯಲೇ ಇಲ್ಲ. ಆಲ್ದೂರಿನ ಅವನ ಮನೆ ಜಗಲಿಯಲ್ಲಿ ನಾವೆಲ್ಲ ಖಾಲಿ ಗ್ಲಾಸ್ ಹಿಡಿದು ಕೂತಿದ್ದೆವು.

"ಬಣ್ಣ ನೋಡಿ, ಬಂಗಾರ!" ಅಂದ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸೋಕೆ ಕಾನೂನೇ ಬಿಡುತ್ತೆ. ನಾನು ಬಾಯಿ ಬಿಡಲಿಲ್ಲ. ಮೊದಲು ಗ್ಲಾಸಿಗೆ ಬೀಳಲಿ ಅಂತ.

"ಹೊಗೆ ಬರ್ತಿದೆ. ಹಳೇ ಚರ್ಮ, ಒದ್ದೆ ಮಣ್ಣು..."

"ಯಾರ ಗೋಡೌನು?" ಪುಟ್ಟಣ್ಣ ಕೇಳಿದರು.

"ಗೋಡೌನ್ ಅಲ್ಲ ಪುಟ್ಟಣ್ಣ, ಸ್ಕಾಟ್ಲೆಂಡಿನ ಐಲಾ ದ್ವೀಪದ್ದು. 18 ವರ್ಷ ಪೀಪಾಯಿಯಲ್ಲಿಟ್ಟ ಸಿಂಗಲ್ ಮಾಲ್ಟ್, ಅಂದ್ರೆ ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿ. ಮೊಳಕೆ ಬಂದ ಬಾರ್ಲೀನ ಪೀಟ್ ಹೊಗೆಯಲ್ಲಿ ಒಣಗಿಸ್ತಾರೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಕೊಳೆತ ಗಿಡಗಂಟಿ."

"ಅಲ್ಲ ಮಾರಾಯ, ಹೋದ ವರ್ಷ ಮಳೆ ಬಿಡದೆ ನಾನೂ ಕಾಫಿನ ಒಲೆ ಪಕ್ಕ ಹರವಿದ್ದೆ. ಕಪ್ಪಿಂಗ್ ಮಾಡೋನು, ಅದೇ ಕಾಫಿ ರುಚಿ ನೋಡೋನು, ಒಂದು ಚಮಚ ಸೊರ್ ಅಂತ ಎಳೆದು ಉಗಿದ. ಹೊಗೆ ವಾಸನೆ, ಮಣ್ಣಿನ ವಾಸನೆ ಅಂತ ರೇಟ್ ಕಟ್. ಅದೇ ವಾಸನೆಗೆ ನೀನು ಸಾವಿರಗಟ್ಟಲೆ ಕೊಟ್ಟಿದ್ದೀಯ!"

"ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ 2ರಷ್ಟು ಆವಿಯಾಗಿ ಹೋಗುತ್ತೆ. ದೇವತೆಗಳ ಪಾಲು ಅಂತಾರೆ. ಬೆಂಗಳೂರಿನ ಬಿಸಿಲಿಗೆ ಸುಮಾರು 10. ಅದಕ್ಕೇ ಅಲ್ಲಿ ವಿಸ್ಕಿ ಮಾಡೋ ಅಮೃತ್‌ನವರು ಅಷ್ಟು ವರ್ಷ ಇಡೋದು ಕಷ್ಟ."

"ಆವಿಯಾದದ್ದೂ ರೇಟಿಗೆ ಸೇರುತ್ತಾ?"

"ಸೇರಿಸ್ದೆ ಬಿಡ್ತಾರಾ?"

"ಸರಿ. ತೋಟಕ್ಕೆ ಆನೆ ನುಗ್ಗಿದ್ದಕ್ಕೆ ಇನ್ಮೇಲೆ ಗಣಪತಿ ಪಾಲು ಅಂತ ಬಿಲ್ಲಿಗೆ ಹಾಕ್ತೀನಿ."

ಕೊನೆಗೂ ಬಗ್ಗಿಸಿದ. ನೀರು ನಾಲ್ಕೇ ಹನಿ ಅಂತ ತಾಕೀತು ಬೇರೆ. ಪುಟ್ಟಣ್ಣ ನಾಲ್ಕು ಹನಿ ಎಣಿಸಿ ಹಾಕಿದರು, ಆಮೇಲೆ ಚೊಂಬನ್ನೇ ಬಗ್ಗಿಸಿದರು.

"ಇದರ ಜೋಡಿ ಬಾಟಲಿ ಬೀರುವಿನಲ್ಲಿದೆ. ಒಡೆಯಲ್ಲ," ಅಂದ ಸತೀಶ.

"25 ವರ್ಷ ಆಗ್ಲಿ ಅಂತಾನಾ?" ಜಯಣ್ಣ ಕೇಳಿದ.

"ಬಾಟಲಿಗೆ ಇಳಿದ ಮೇಲೆ ವಯಸ್ಸು ಏರಲ್ಲ. ಬೆಲೆ ಏರುತ್ತೆ. 2023ರಲ್ಲಿ ಲಂಡನ್ ಹರಾಜಿನಲ್ಲಿ 1926ರ ಮೆಕಾಲನ್ ಸ್ಕಾಚ್ ಒಂದೇ ಬಾಟಲಿ 20 ಲಕ್ಷ ಪೌಂಡ್ ದಾಟಿತು."

"ನಮ್ಮದು ಉಲ್ಟಾ. ವಯಸ್ಸು ಏರುತ್ತೆ, ಬೆಲೆ ಇಳಿಯುತ್ತೆ. ಅದು ಯಾರಿಗೆ ಇಟ್ಟಿದ್ದೀಯ?"

"ಮಗನಿಗೆ. ಬಂದಾಗ ಕೂತು ಕುಡಿಯೋಣ ಅಂತ."

ಮಗ ಟೊರೊಂಟೊದಲ್ಲಿ. ರಜ ಸಿಕ್ಕಿಲ್ಲ ಅಂತ ಪ್ರತಿ ಸಲ ಫೋನು. ಮದುವೆಯಾದ ಮೇಲೆ ಕುಡಿಯೋದೂ ಬಿಟ್ಟಿದ್ದಾನೆ. ಇದು ಸತೀಶನಿಗೂ ಗೊತ್ತು, ನಮಗೂ ಗೊತ್ತು.

"ಹಾಗಾದ್ರೆ ಇವತ್ತೇ ತಾ," ಅಂದರು ಪುಟ್ಟಣ್ಣ. "ಇಷ್ಟು ಕೆಟ್ಟ ವಾಸನೆ ಮಾಲು ರೇಟ್ ಕಟ್ ಮಾಡದೆ ತಗೊಳ್ಳೋರು ಊರಲ್ಲಿ ನಾವು ಮೂರೇ ಜನ."