ನಮ್ಮೂರ ಗುಡ್ಡದ ತಗ್ಗುಗಳು ಹಳೆಯ ಚಿನ್ನದ ಗಣಿಗಳೇ? ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಹಟ್ಟಿ ಚಿನ್ನದ ಗಣಿಗೆ ಹೆಚ್ಚು ದೂರವಲ್ಲದ ಹಳ್ಳಿಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಊರ ಹಿಂದಿನ ಗುಡ್ಡದ ಮೇಲೆ ಸಾಲಾಗಿ ತಗ್ಗುಗಳಿವೆ. ಬಹಳಷ್ಟು ಮಣ್ಣು ತುಂಬಿಕೊಂಡು ಜಾಲಿ ಬೆಳೆದಿದೆ. ಪಕ್ಕದಲ್ಲೇ ಒಂದು ಕಪ್ಪು ಬಂಡೆ. ಅದರ ಮೇಲೆ ಅಂಗೈ ಅಗಲದ ದುಂಡನೆಯ ಕುಳಿಗಳು ಒತ್ತೊತ್ತಾಗಿವೆ, ಒಳಗೆ ಬೆರಳಾಡಿಸಿದರೆ ನುಣುಪು. ಸುತ್ತಲೂ ಬಿಳಿ ಬೆಣಚುಕಲ್ಲಿನ ಚೂರುಗಳು.

ಪಾಂಡವರು ವನವಾಸದಲ್ಲಿ ಕಾಳು ಕುಟ್ಟಿದ ಒರಳುಗಳು ಇವು ಎಂದು ಊರಿನ ಹಿರಿಯರು ಹೇಳುತ್ತಾರೆ. ನಿಧಿಯ ಆಸೆಗೆ ರಾತ್ರಿ ಬಂದು ಅಗೆದು ಹೋದವರೂ ಇದ್ದಾರೆ. ಒಂಬತ್ತನೇ ತರಗತಿಯ ಮಕ್ಕಳು ಇದನ್ನೇ ಯೋಜನಾ ಕಾರ್ಯಕ್ಕೆ ಆರಿಸಿಕೊಂಡಿದ್ದಾರೆ. ಇವು ಎಷ್ಟು ಹಳೆಯವು ಎಂದು ತಿಳಿಯುವ ದಾರಿ ಏನು? ದಾಖಲೆಗಳು ಎಲ್ಲಿ ಸಿಗುತ್ತವೆ? ಒಂದೆರಡು ತಗ್ಗುಗಳನ್ನು ನಾವೇ ಸ್ವಲ್ಪ ಅಗೆದು ನೋಡಬಹುದೇ?

ಉತ್ತರ: ನಿವೃತ್ತ ಗಣಿ ಸರ್ವೇಯರ್

ಮೇಡಂ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಅಗೆಯಬೇಡಿ. ಮಕ್ಕಳನ್ನು ತಗ್ಗಿನೊಳಗೆ ಇಳಿಯಲೂ ಬಿಡಬೇಡಿ. ಮೇಲೆ ಗಟ್ಟಿ ನೆಲದಂತೆ ಕಂಡರೂ ಕೆಳಗೆ ಪೊಳ್ಳು ಇರಬಹುದು. ಮಳೆಗಾಲದಲ್ಲಿ ಇಂಥ ಜಾಗ ಸದ್ದಿಲ್ಲದೆ ಕುಸಿಯುತ್ತದೆ.

ನಾನು ಸೇವೆಯುದ್ದಕ್ಕೂ ಗಣಿ ನಕ್ಷೆಗಳ ಜೊತೆ ಬದುಕಿದವನು. ‘ಹಳಬರ ಕೆಲಸ’, ಅಂದರೆ ಪ್ರಾಚೀನರು ತೋಡಿಬಿಟ್ಟ ಗಣಿ, ನಮಗೆ ಇತಿಹಾಸವಾಗುವುದಕ್ಕಿಂತ ಮೊದಲು ಅಪಾಯ. ಹಳೆಯ ಗುಹೆಯಲ್ಲಿ ಎಷ್ಟೋ ಕಾಲದ ನೀರು ನಿಂತಿರುತ್ತದೆ. ಹೊಸ ಸುರಂಗ ಅದಕ್ಕೆ ತಾಕಿದರೆ ನೀರು ಒಮ್ಮೆಲೇ ನುಗ್ಗುತ್ತದೆ, ಓಡಲು ಜಾಗವಿರುವುದಿಲ್ಲ. ಅದಕ್ಕೇ ಮುಂದೆ ಉದ್ದನೆಯ ರಂಧ್ರ ಕೊರೆದು, ನೀರು ಬರುತ್ತದೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು. ಹಳಬರು ಎಲ್ಲಿಯವರೆಗೆ ಹೋಗಿದ್ದಾರೆ ಎಂಬುದನ್ನು ನಕ್ಷೆಯಲ್ಲಿ ತಪ್ಪದೆ ಗುರುತಿಸಬೇಕು. ಗಣಿ ಇತಿಹಾಸದ ಮೊದಲ ಪಾಠ ನನಗೆ ಸಿಕ್ಕಿದ್ದು ಹೀಗೆ, ಸುರಕ್ಷತೆಯ ಲೆಕ್ಕದಲ್ಲಿ.

ಹಟ್ಟಿಯಲ್ಲಿ ಹಳಬರು ಇಳಿದ ಆಳ 640 ಅಡಿ, ಅಂದರೆ ಸುಮಾರು 195 ಮೀಟರ್. ಸಿಡಿಮದ್ದು, ಪಂಪು, ಉಕ್ಕಿನ ಹಗ್ಗ ಏನೂ ಇಲ್ಲದ ಕಾಲ. ಅಲ್ಲಿ ಸಿಕ್ಕ ಮರದ ತುಂಡಿನ ಕಾರ್ಬನ್ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ಯುತ್ತದೆ. ರಾಯಚೂರು ಸೀಮೆಯಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1962ರಲ್ಲಿ ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯ ಬಗ್ಗೆ ದೊಡ್ಡ ಲೇಖನವನ್ನೇ ಬರೆದರು. ಒಂದು ಎಚ್ಚರ: ಕಾರ್ಬನ್ ಪರೀಕ್ಷೆ ಹೇಳುವುದು ಆ ಮರ ಬದುಕಿದ್ದ ಕಾಲವನ್ನು. ಹಳೆಯ ತೊಲೆಯನ್ನೇ ತಂದು ಆನಿಸಿದ್ದರೆ ಗಣಿಯ ಕೆಲಸ ಅದಕ್ಕಿಂತ ಈಚಿನದು. ಒಂದು ತುಂಡು ಮರದಿಂದ ಇಡೀ ಗುಡ್ಡದ ವಯಸ್ಸು ಹೇಳುವವರನ್ನು ನಾನು ನಂಬುವುದಿಲ್ಲ.

ಇನ್ನು ನಿಮ್ಮ ತಗ್ಗುಗಳು. ಮೇಲೆ ನಿಂತೇ, ಕಾಣುವಷ್ಟು ಬಂಡೆಗೋಡೆಯನ್ನು ನೋಡಿ. ಹಳಬರು ಬಂಡೆಗೆ ಒತ್ತಿ ಕಟ್ಟಿಗೆ ಉರಿಸಿ, ಕಾದ ಬಂಡೆಗೆ ನೀರು ಸುರಿದು ಸೀಳುತ್ತಿದ್ದರು. ಸೀಳಿದ್ದನ್ನು ಬಡಿದು, ಬಗೆದು ತೆಗೆಯುತ್ತಿದ್ದರು. ಹಾಗೆ ತೆಗೆದ ಗೋಡೆಗೆ ಚೂಪಾದ ಅಂಚು ಇರುವುದಿಲ್ಲ, ಗಡಿಗೆಯ ಒಳಮೈಯಂತೆ ಒಳಬಾಗಿ ನುಣ್ಣಗಿರುತ್ತದೆ. ಮದ್ದಿಟ್ಟು ಒಡೆದ ಬಂಡೆಯಲ್ಲಾದರೆ ಕೊರೆದ ರಂಧ್ರದ ಅರ್ಧ ಉಳಿದಿರುತ್ತದೆ, ನೆಟ್ಟಗೆ ಸೀಳಿದ ಕೊಳವೆಯ ಹಾಗೆ. ಅಂಥ ಒಂದು ಗೀರು ಕಂಡರೂ ಆ ಭಾಗದಲ್ಲಿ ಬ್ರಿಟಿಷರ ಕಾಲದ ಗಣಿ ಕಂಪನಿಯವರೋ ಆಮೇಲಿನವರೋ ಕೈಹಾಕಿದ್ದಾರೆ ಎಂದೇ ಅರ್ಥ. ಎರಡೂ ಗುರುತು ಒಂದೇ ತಗ್ಗಿನಲ್ಲಿ ಇರುವುದು ಅಪರೂಪವಲ್ಲ. ಈ ಸೀಮೆಗೆ ಬಂದ ಕಂಪನಿಯವರು ಹಳಬರ ತಗ್ಗುಗಳನ್ನೇ ದಾರಿತೋರುಕ ಮಾಡಿಕೊಂಡು ಅದೇ ರೀಫಿನ, ಅಂದರೆ ಚಿನ್ನವಿರುವ ಬೆಣಚುಕಲ್ಲಿನ ಪಟ್ಟಿಯ, ಬೆನ್ನು ಹಿಡಿದರು.

ಬಂಡೆಯ ಕುಳಿಗಳ ವಿಷಯದಲ್ಲಿ ಹಿರಿಯರ ಮಾತನ್ನು ತಳ್ಳಿಹಾಕಬೇಡಿ, ಒಪ್ಪಿಕೊಳ್ಳಲೂ ಬೇಡಿ. ಕಾಳು ಕುಟ್ಟುವ ಒರಳು ಸಾಮಾನ್ಯವಾಗಿ ಮನೆಯ ಹತ್ತಿರ, ನೀರಿನ ಹತ್ತಿರ ಇರುತ್ತದೆ. ಅದಿರು ಕುಟ್ಟುವ ಕುಳಿ ತಗ್ಗಿನ ಹತ್ತಿರ, ಗಟ್ಟಿಯಾದ ಕಪ್ಪು ಬಂಡೆಯ ಮೇಲೆ, ಗುಂಪುಗುಂಪಾಗಿ ಇರುತ್ತದೆ. ಬೆಣಚುಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದ ಮೇಲೆಯೇ ನೀರಿನಲ್ಲಿ ತೊಳೆದು ಚಿನ್ನ ಬೇರ್ಪಡಿಸಲು ಸಾಧ್ಯ. ಹಾಗಾಗಿ ಸುತ್ತಲಿನ ಬಿಳಿ ಚೂರುಗಳೇ ನಿಮ್ಮ ಮುಖ್ಯ ಸಾಕ್ಷಿ. ಒಂದೇ ಗಾತ್ರಕ್ಕೆ ಒಡೆದ, ಅಂಚು ಹರಿತವಾದ ಚೂರುಗಳು ರಾಶಿಯಾಗಿ ಬಿದ್ದಿದ್ದರೆ ಮನುಷ್ಯನ ಕೆಲಸ. ತಾನಾಗಿ ಉದುರಿದ ಕಲ್ಲು ಸಣ್ಣದು ದೊಡ್ಡದು ಬೆರೆತಿರುತ್ತದೆ. ಎತ್ತಿ ಚೀಲಕ್ಕೆ ಹಾಕಿಕೊಳ್ಳಬೇಡಿ. ಚೂರು ಎಲ್ಲಿ ಬಿದ್ದಿದೆ ಎಂಬುದು ಚೂರಿಗಿಂತ ದೊಡ್ಡ ದಾಖಲೆ.

ಉತ್ತರ: ಭೂವಿಜ್ಞಾನ ಉಪನ್ಯಾಸಕ, ಕಲಬುರಗಿ

ಸರ್ವೇಯರ್ ಸರ್ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ತಗ್ಗುಗಳ ಸಾಲು ಯಾವ ದಿಕ್ಕಿಗಿದೆ ಎಂದು ದಿಕ್ಸೂಚಿ ಹಿಡಿದು ನೋಡಿ. ಹಟ್ಟಿಯ ರೀಫುಗಳು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹರಿದು, ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತವೆ. ನಿಮ್ಮ ಸಾಲೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿದ್ದು, ಸುತ್ತಲಿನದು ಹಸಿರು-ಕಪ್ಪು ಶಿಲೆಯಾಗಿದ್ದರೆ ಅನುಮಾನ ಬಲವಾಗುತ್ತದೆ. ಸಾಲು ಅಡ್ಡಾದಿಡ್ಡಿಯಾಗಿದ್ದು ನೆಲ ಬರೀ ಗ್ರಾನೈಟ್ ಆಗಿದ್ದರೆ ಕಲ್ಲು ತೆಗೆದ ತಗ್ಗುಗಳೇ ಇರಬಹುದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಇಂಥ ಶಿಲೆಗಳ ಸಾಲಿಗೆ ಧಾರವಾಡ ಶಿಲಾಶ್ರೇಣಿ ಎಂದು ಹೆಸರಿಟ್ಟು, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಶಿಲೆಗಳಲ್ಲಿದೆ ಎಂದು ತೋರಿಸಿದ್ದು ಇಂದಿಗೂ ನಮಗೆ ಆಧಾರ.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ಹೈದರಾಬಾದ್

ದಾಖಲೆಗಳ ಬಗ್ಗೆ ನಾನು ಹೇಳುತ್ತೇನೆ. 1956ರ ವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗ. ಹಾಗಾಗಿ ಬೆಂಗಳೂರಿನಲ್ಲಿ ಹುಡುಕಿ ಏನೂ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. ಹೈದರಾಬಾದಿನ ತಾರ್ನಾಕದಲ್ಲಿ ತೆಲಂಗಾಣ ರಾಜ್ಯ ಪತ್ರಾಗಾರವಿದೆ. ನಿಜಾಮರ ಕಾಲದ ಕಡತಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ, ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಬನ್ನಿ.

1886ರಲ್ಲಿ ನಿಜಾಮರ ಸಂಸ್ಥಾನದ ಗಣಿ ಹಕ್ಕು ಹೈದರಾಬಾದ್ ಡೆಕ್ಕನ್ ಕಂಪನಿಗೆ ಹೋಯಿತು. ಆ ವ್ಯವಹಾರ ಎಷ್ಟು ದೊಡ್ಡ ಹಗರಣವಾಯಿತೆಂದರೆ 1888ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು. ಹಟ್ಟಿ ಮತ್ತು ವಂದಲಿಯ ಚಿನ್ನದ ಗಣಿಗಳ ಕೆಲಸ ನಡೆದದ್ದು ಈ ಹಕ್ಕಿನಡಿಯಲ್ಲೇ. ಇಂದಿನ ಹಟ್ಟಿ ಕಂಪನಿ ಹುಟ್ಟಿದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ.

ಮಕ್ಕಳಿಗೆ ಖಂಡಿತ ಹೇಳಬೇಕಾದದ್ದು ಮಸ್ಕಿಯ ಕಥೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡವರು ಪುರಾತತ್ತ್ವ ಇಲಾಖೆಯವರಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅದುವರೆಗೆ ತಿಳಿದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇತ್ತು. ಆ ದೊರೆಯೇ ಅಶೋಕ ಎಂದು ಹೆಸರು ಸಹಿತ ಹೇಳಿದ್ದು ನಿಮ್ಮ ಜಿಲ್ಲೆಯ ಈ ಬಂಡೆ. ಮೌರ್ಯರು ಇಲ್ಲಿಗೆ ಬಂದದ್ದೇ ಚಿನ್ನಕ್ಕಾಗಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅವರ ದಕ್ಷಿಣದ ಆಡಳಿತ ಕೇಂದ್ರದ ಹೆಸರೇ ಸುವರ್ಣಗಿರಿ ಅಲ್ಲವೇ?

ಉತ್ತರ: ನಿವೃತ್ತ ಗಣಿ ಸರ್ವೇಯರ್

ತಂಗಿ, ಪತ್ರಾಗಾರದ ಮಾಹಿತಿಗೆ ಧನ್ಯವಾದ. ಆದರೆ ಮೌರ್ಯರ ವಿಷಯದಲ್ಲಿ ಅಷ್ಟು ಬೇಗ ಹೋಗಬಾರದು. ಸುವರ್ಣಗಿರಿಯ ಹೆಸರು ಅಶೋಕನ ಬ್ರಹ್ಮಗಿರಿ ಶಾಸನದಲ್ಲಿ ಇದೆ, ನಿಜ. ಅದು ಮಸ್ಕಿ ಎನ್ನುವವರಿದ್ದಾರೆ, ಕನಕಗಿರಿ ಎನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಶಾಸನದಲ್ಲಿ ಗಣಿಯ ಮಾತೇ ಇಲ್ಲ. ಬಂಡೆಯ ಶಾಸನ ಒಂದು ಸಾಕ್ಷಿ, ಗಣಿಯ ತಗ್ಗು ಇನ್ನೊಂದು ಸಾಕ್ಷಿ. ಎರಡನ್ನೂ ಜೋಡಿಸಲು ನಡುವೆ ಮೂರನೆಯದು ಬೇಕು: ಅದೇ ತಗ್ಗಿನಲ್ಲಿ, ಕದಡದ ಪದರದಲ್ಲಿ ಸಿಕ್ಕ ಇದ್ದಿಲು ಅಥವಾ ಮಡಕೆ ಚೂರು. ನಿಧಿಗಳ್ಳರು ಹಾಳು ಮಾಡುತ್ತಿರುವುದು ಆ ಪದರವನ್ನೇ. ಅವರಿಗೆ ಚಿನ್ನ ಸಿಗುವುದಿಲ್ಲ, ಹಳಬರು ಬಿಟ್ಟುಹೋದದ್ದು ಕಸದ ಕಲ್ಲು ಮಾತ್ರ. ನಮಗಾದರೋ ಆ ಕಸವೇ ಪುಸ್ತಕ. ಒಂದು ರಾತ್ರಿಯ ಗುದ್ದಲಿ ಏಟಿಗೆ ಅದು ಮತ್ತೆಂದೂ ಓದಲಾಗದಂತೆ ಹೋಗುತ್ತದೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪ್ರಶ್ನಿಸಿದವರು

ಎಲ್ಲರಿಗೂ ಅನಂತ ವಂದನೆಗಳು. ಅಗೆಯುವ ಯೋಚನೆ ಬಿಟ್ಟೆವು. ರಾತ್ರಿ ಅಗೆಯುವವರ ವಿಷಯವನ್ನು ಪಂಚಾಯಿತಿಗೂ ಪುರಾತತ್ತ್ವ ಇಲಾಖೆಗೂ ಬರೆದು ತಿಳಿಸುತ್ತೇವೆ. ಸಾಲಿನ ದಿಕ್ಕು ನೋಡಿದೆವು: ಉತ್ತರಕ್ಕೆ ಸ್ವಲ್ಪ ಎಡಕ್ಕೆ ವಾಲಿದೆ. ಇನ್ನೊಂದು ಪ್ರಶ್ನೆ. ಗಣಿಯಲ್ಲಿ ದುಡಿದು ನಿವೃತ್ತರಾದ ಕೆಲವರು ನಮ್ಮೂರಿನಲ್ಲಿದ್ದಾರೆ. ಅವರನ್ನು ಮಕ್ಕಳು ಮಾತನಾಡಿಸಿದರೆ ಉಪಯೋಗವಿದೆಯೇ? ಏನು ಕೇಳಬೇಕು?

ಉತ್ತರ: ನಿವೃತ್ತ ಗಣಿ ಸರ್ವೇಯರ್

ಖಂಡಿತ ಮಾತನಾಡಿಸಿ ಮೇಡಂ, ಮುಂದಿನ ವರ್ಷಕ್ಕೆ ಇಡಬೇಡಿ. ವರದಿಗಳಲ್ಲಿ ಎಷ್ಟು ಟನ್ ಅದಿರು ಎಂಬುದಿದೆ, ಅದನ್ನು ಎತ್ತಿದವನ ಕೈ ಇಲ್ಲ. ‘ಗಣಿಯ ಬಗ್ಗೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದಿರಿ, ಕತ್ತಲಲ್ಲಿ ಯಾವ ದೀಪ, ಊಟ ಎಲ್ಲಿ ಕುಳಿತು ಮಾಡುತ್ತಿದ್ದಿರಿ ಎಂದು ಒಂದೊಂದೇ ಕೇಳಿ. ಕೆಳಗೆ ಎಂದಾದರೂ ಹಳಬರ ಗುಹೆಗೆ ತಾಕಿದ್ದುಂಟೇ, ಅಲ್ಲಿ ಮರ, ಮಡಕೆ, ಮಸಿ ಏನು ಕಂಡಿರಿ ಎಂದು ಕೇಳಿ. ಅವರು ಬಳಸುವ ಮಾತನ್ನೇ ಬರೆದುಕೊಳ್ಳಿ, ಪುಸ್ತಕದ ಮಾತಿಗೆ ತಿದ್ದಬೇಡಿ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ, ತಾರೀಖು ಹಾಕಿಡಿ.

ಗುಡ್ಡದ ಮೇಲಿನ ಕೆಲಸಕ್ಕೆ ಒಂದು ಉದ್ದ ಟೇಪು, ದಿಕ್ಸೂಚಿ, ಚೌಕುಳಿ ಹಾಳೆ ಸಾಕು. ಪ್ರತಿ ತಗ್ಗಿಗೆ ಒಂದು ಸಂಖ್ಯೆ ಕೊಡಿ. ಅಂಚಿಗೆ ಹೋಗದೆ ಅಳೆಯಬಹುದಾದಷ್ಟು ಉದ್ದ ಅಗಲ ಅಳೆಯಿರಿ. ಕುಳಿಗಳ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು ಇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದರೆ ಕುಳಿಯ ಆಳ ಚೆನ್ನಾಗಿ ಕಾಣುತ್ತದೆ. ಅಳತೆಗಳನ್ನು ಇಲ್ಲಿ ಹಾಕಿದರೆ ನಕ್ಷೆ ಬಿಡಿಸುವುದನ್ನು ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಗುಡ್ಡದ ಹೆಸರು ಮತ್ತು ಜಾಗ ಮಾತ್ರ ಇಲ್ಲಿ ಬರೆಯಬೇಡಿ, ನಿಧಿಗಳ್ಳರೂ ಓದುತ್ತಾರೆ.